ಕೊಟ್ರೇಶಿ ಪ್ರವೇಶ ಪರೀಕ್ಷೆಗೆ ಹೋದದ್ದು

ಹೂಂ ಅನ್ನುವವರು ಹೂಂ ಅನ್ನಿ, ನಗುವವರು ಕೊನೆಗೆ ನಗಿ.

ದಾವಣಗೆರೆಯಲ್ಲಿ ಹಾಲಮ್ಮ ಅಂತ ಒಬ್ಬಳು. ಖಾನಾವಳಿಗೆ ರೊಟ್ಟಿ ತಟ್ಟಿಕೊಡುವುದು ಅವಳ ಕೆಲಸ. ಅವಳಿಗೊಬ್ಬ ಮಗ, ಕೊಟ್ರೇಶಿ. ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಹುಡುಗ. ಅವನಿಂದ ಆಗುತ್ತಿದ್ದ ತೊಂದರೆ ಅದೊಂದೇ.

ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಕೊಟ್ರೇಶಿ ಆಗಲೇ ಎರಡು ಸಲ ಫೇಲಾಗಿದ್ದ. ಈ ಸಲವೂ ಫೇಲಾದರೆ ಸೋದರಮಾವ ಅವನನ್ನು ತನ್ನ ಪಂಕ್ಚರ್ ಅಂಗಡಿಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. "ನನ್ನ ಮಗ ಕಾಲೇಜಿನ ಮೆಟ್ಟಿಲು ಹತ್ತಬೇಕು" ಎಂದು ಹಾಲಮ್ಮ ಅವನನ್ನು ತಿಪ್ಪಯ್ಯ ಮೇಷ್ಟ್ರ ಪಾಠಕ್ಕೆ ಸೇರಿಸಿದಳು.

ಮೇಷ್ಟ್ರು ಮೊದಲ ದಿನ ಉತ್ತರ ಪತ್ರಿಕೆ ತೋರಿಸಿದರು. ಅದರ ತುಂಬ ಸಾಲು ಸಾಲು ಪುಟ್ಟ ವೃತ್ತಗಳು. "ನೋಡು, ಸರಿಯುತ್ತರದ ವೃತ್ತವನ್ನು ಪೂರ್ತಿ ಕಪ್ಪು ಮಾಡಬೇಕು. ಒಳಗೆ ಚೂರೂ ಬಿಳಿ ಉಳಿಯಬಾರದು. ಅಂಚು ದಾಟಬಾರದು."

"ಆಗಲಿ ಸಾರ್."

ಮನೆಗೆ ಬಂದ. ಹಾಲಮ್ಮ, "ನೀರು ತರ್ತೀನಿ, ಹಂಚಿನ ಮೇಲಿನ ರೊಟ್ಟಿ ನೋಡ್ಕೋ" ಎಂದು ಹೋದಳು. ಬಂದು ನೋಡಿದರೆ ಮನೆ ತುಂಬ ಹೊಗೆ.

"ಏನೋ ಇದು!"

"ಪೂರ್ತಿ ಕಪ್ಪು ಮಾಡಿದೀನವ್ವ. ಚೂರೂ ಬಿಳಿ ಇಲ್ಲ. ಅಂಚು ದಾಟಿಲ್ಲ."

"ಅಯ್ಯೋ ಪೆದ್ದೇ! ಒಂದು ಕಪ್ಪು ಚುಕ್ಕೆ ಕಂಡ ಕೂಡಲೇ ತಿರುವಿ ಹಾಕ್ಬೇಕು ಕಣೋ!"

"ಆಗಲಿ ಅವ್ವ."

ಮರುದಿನ ಗಣಿತದ ಕಿರುಪರೀಕ್ಷೆ. ಕೊಟ್ರೇಶಿ ಒಂದು ಲೆಕ್ಕ ಮಾಡಿದ. ಒಂದು ವೃತ್ತ ಕಪ್ಪು ಮಾಡಿದ. ಹಾಳೆಯನ್ನು ತಿರುವಿ ಹಾಕಿ ಕೈಕಟ್ಟಿ ಕೂತ.

"ಯಾಕೋ, ಮುಗೀತಾ?"

"ಒಂದು ಕಪ್ಪು ಚುಕ್ಕೆ ಕಾಣ್ತು ಸಾರ್. ತಿರುವಿ ಹಾಕಿದೆ. ಇನ್ನೂ ಬಿಟ್ರೆ ಸೀದುಹೋಗುತ್ತೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮಾಡಿದ್ದೊಂದು ಲೆಕ್ಕ ಸರಿಯಾಗಿತ್ತು ಅನ್ನುವುದೇ ಅವರಿಗೆ ಹೆಚ್ಚಿನ ಸಂಕಟ. "ಒಂದಕ್ಕೇ ನಿಲ್ಲಬಾರದಪ್ಪ! ಸುಲಭದ್ದನ್ನು ಮೊದಲು ಮುಗಿಸು. ಕಷ್ಟವಾದದ್ದನ್ನು ಅಲ್ಲೇ ಬಿಟ್ಟು ಮುಂದೆ ಹೋಗು. ಕೊನೆಗೆ ಟೈಮ್ ಉಳಿದರೆ ಅದಕ್ಕೆ ವಾಪಸ್ ಬಾ."

"ಆಗಲಿ ಸಾರ್."

ಸಂಜೆ ಹಾಲಮ್ಮ, "ಅಜ್ಜೀನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗು. ಬರುವಾಗ ಮೆಂತ್ಯಸೊಪ್ಪು ತಾ" ಎಂದಳು. ಅರ್ಧ ಗಂಟೆಯಲ್ಲಿ ಸೊಪ್ಪು ಬಂತು.

"ಅಜ್ಜಿ ಎಲ್ಲೋ?"

"ರೈಲ್ವೆ ಸೇತುವೆ ಮೆಟ್ಟಿಲ ಹತ್ರ ಅಜ್ಜಿ ಕಷ್ಟ ಆಯ್ತವ್ವ. ಅಲ್ಲೇ ಬಿಟ್ಟು ಮುಂದೆ ಹೋದೆ. ಸೊಪ್ಪು ಸುಲಭ, ಮುಗಿಸಿದೆ. ಟೈಮ್ ಉಳಿದಿದೆ, ಈಗ ಅಜ್ಜಿಗೆ ವಾಪಸ್ ಹೋಗ್ತೀನಿ."

ಹಾಲಮ್ಮ ಓಡಿದಳು. ಮುದುಕಿಯನ್ನು ಕರೆತಂದು ಹಣೆ ಚಚ್ಚಿಕೊಂಡಳು. "ವಯಸ್ಸಾದೋರು ದಾರೀಲಿ ಕೂತ್ರೆ ನೀನೂ ಕೂರ್ಬೇಕು! ಅವರು ಎದ್ದ ಮೇಲೇ ನೀನು ಮುಂದೆ ಹೋಗ್ಬೇಕು!"

"ಆಗಲಿ ಅವ್ವ."

ಆಮೇಲೆ ಓದಿ ಅರ್ಥಮಾಡಿಕೊಳ್ಳುವ ಭಾಗದ ತಯಾರಿ. ಮೇಷ್ಟ್ರು ಒಂದು ಗದ್ಯ ಕೊಟ್ಟು ಅದರ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆಯಲು ಹೇಳಿದರು. ಉಳಿದವರೆಲ್ಲ ಬರೆದು ಮುಗಿಸಿದರು. ಕೊಟ್ರೇಶಿ ಎರಡನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ದ.

"ಮುಂದೆ ಓದೋ!"

"ಇಲ್ಲೊಬ್ಬ ಮುದುಕ ದಣಿದು ಮರದ ಕೆಳಗೆ ಕೂತಿದಾನೆ ಸಾರ್. ಏಳಲಿ."

"ಅವನು ಏಳೋದು ಮುಂದಿನ ಸಾಲಲ್ಲಿ ಕಣೋ!"

"ಅವನು ಎದ್ದ ಮೇಲೇ ಮುಂದೆ ಹೋಗ್ಬೇಕಂತೆ ಸಾರ್. ಅವ್ವ ಹೇಳಿದಾಳೆ."

ಮೇಷ್ಟ್ರ ದನಿ ಏರಿತು. "ಲೋ! ಕೂತವರನ್ನು ಕೂತಲ್ಲೇ ಬಿಡು! ನೀನು ಹೊರಗೆ ನಿಂತು ನೋಡು! ಅವರ ಜೊತೆ ಒಳಗೆ ಸಿಕ್ಕಿಹಾಕ್ಕೋಬೇಡ!"

"ಆಗಲಿ ಸಾರ್."

ಪರೀಕ್ಷೆಯ ದಿನ ಬಂತು. ಮೊದಲ ಗಂಟೆ ಹೊಡೆಯುವ ತನಕ ಮನೆಯವರನ್ನೂ ಒಳಗೆ ಬಿಡುತ್ತಿದ್ದರು. ಹಾಲಮ್ಮ ಮಗನ ಕೈ ಹಿಡಿದು ಕೋಣೆ ಹುಡುಕಿದಳು, ನಂಬರ್ ಹುಡುಕಿದಳು. ಸೆರಗಿನಿಂದ ಬೆಂಚಿನ ಧೂಳು ಒರೆಸಿದಳು. ಬೆಂಚು ಅಲ್ಲಾಡುತ್ತದೆಯೇನೋ ಎಂದು ತಾನೇ ಒಮ್ಮೆ ಕೂತು ನೋಡಿದಳು.

ಅವಳು ಕೂತದ್ದನ್ನು ಕೊಟ್ರೇಶಿ ಕಂಡ. ಕೂತವಳನ್ನು ಕೂತಲ್ಲೇ ಬಿಟ್ಟ. ಹಾಲ್ ಟಿಕೆಟ್ಟು, ಪೆನ್ನು ಅವಳ ಮುಂದಿಟ್ಟು ನೆಟ್ಟಗೆ ಹೊರಗೆ ನಡೆದ. ನೀರು ಕುಡಿಯಲು ಹೋಗಿರಬೇಕು ಎಂದುಕೊಂಡ ಹಾಲಮ್ಮ ಬೇರೆ ಯಾರೂ ಕೂರದಂತೆ ಜಾಗ ಹಿಡಿದು ಕೂತಳು.

ಮೊದಲ ಗಂಟೆ ಹೊಡೆಯಿತು. ಎರಡನೆಯ ಗಂಟೆಯೂ ಹೊಡೆಯಿತು. ಕಾವಲುಗಾರ ಗೇಟಿಗೆ ಬೀಗ ಹಾಕಿದ.

ಕಿಟಕಿಯಲ್ಲಿ ಹಾಲಮ್ಮನ ಮುಖ ಕಾಣಿಸಿತು. "ಕೊಟ್ರೇಶೀ! ನಾನಲ್ಲೋ! ನೀನು ಬರೀಬೇಕಾದ್ದು ಕಣೋ!"

"ಸದ್ದು ಮಾಡಬೇಡಿ, ಕೂತ್ಕೊಳ್ಳಿ" ಎಂದಿತು ಒಳಗಿನಿಂದ ಮೇಲ್ವಿಚಾರಕರ ದನಿ. ಮುಖ ಮರೆಯಾಯಿತು.

ಗೇಟಿನಾಚೆ ಬೇವಿನ ಮರದ ನೆರಳಲ್ಲಿ ತಂದೆ ತಾಯಂದಿರು ಕಾಯುತ್ತಿದ್ದರು. ಕೊಟ್ರೇಶಿ ಅವರ ನಡುವೆ ನಿಂತು ಕಿಟಕಿಯನ್ನೇ ನೋಡುತ್ತಿದ್ದ. ಪಕ್ಕದಲ್ಲಿದ್ದ ಯಜಮಾನರು ಕೇಳಿದರು, "ನಿಮ್ಮ ಕಡೆಯವರು ಯಾರಪ್ಪ ಬರೀತಿರೋದು?"

"ನಮ್ಮವ್ವ."

ಯಜಮಾನರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಚೆನ್ನಾಗಿ ಓದಿದಾರಾ?"

"ಹೂಂ ಸಾರ್. ಎರಡು ವರ್ಷದಿಂದ ನಮ್ಮ ಮನೇಲಿ ಓದು, ಓದು ಅಂತಿದ್ದದ್ದು ಅವಳೊಬ್ಬಳೇ."