ಇಲ್ಲದಿರೋದು ಮುಂದೆ

"ನೋಡಮ್ಮ ಚಿಕ್ಕತಾಯಿ, ಈ ಸಲ ಒಂದಕ್ಷರ ಸುಳ್ಳಿಲ್ಲ. ನೀನು ಸುಲೀತಿರೋ ಅವರೆಕಾಯಿ ಮೇಲಾಣೆ," ಅಂತ ಸೊಸೆ ಮುಂದೆ ಶುರುಮಾಡ್ದ ಮುದುಕಪ್ಪ.

ಕಪಿಲಾ ಹೊಳೆ ದಡದಲ್ಲಿ ಮುಪ್ಪಿನಯ್ಯ ಗುರುಗಳ ಆಶ್ರಮ. ಗುರುಗಳು ಪುದುಚೇರೀಲಿ ಬೆಳೆದೋರು. ಅವರ ಫ್ರೆಂಚ್ ಕೇಳಿ ಅಲ್ಲಿನ ಕಾಗೆಗಳೂ ಉಚ್ಚಾರಣೆ ತಿದ್ಕೊಂಡವಂತೆ. ಆದ್ರೆ ಆಗ ಮೌನವ್ರತ. ವರ್ಷಗಟ್ಟಲೆ ತುಟಿ ಬಿಚ್ಚಿರಲಿಲ್ಲ.

ಶಿಷ್ಯ ಎಡ್ಮಂಡ್, ಇಂಗ್ಲೆಂಡಿನೋನು. ಹೆಂಡತಿ ಸೋಲಾಂಜ್ ಫ್ರಾನ್ಸಿನೋಳು. ಜಗಳ ಆಡ್ಕೊಂಡು ಪುದುಚೇರಿಯ ಅಕ್ಕನ ಮನೆ ಸೇರಿದ್ಲು. ಮಾರನೇ ದಿನ ವಿಮಾನ ಹತ್ತಿದ್ರೆ ಮತ್ತೆ ಬರೋಳಲ್ಲ.

ಎಡ್ಮಂಡ್ ಫೋನ್ ಹಿಡ್ಕೊಂಡು ಕೆಂಡವಾಗಿ ಬಂದ.

"ಗುರುಗಳೇ, ಈ ಫ್ರೆಂಚ್ ಎಂಥ ಭಾಷೆ? 'ಜ ತ ಮಾಂಕ್' ಅಂದೆ. ನೀನಿಲ್ಲದೆ ನನಗಾಗ್ತಿಲ್ಲ ಅಂತ. ಫೋನ್ ಕಟ್ ಮಾಡಿದ್ಲು."

"ಮಾಡದೆ? ನೀನು ಹೇಳಿದ್ದು, ನಾನಿಲ್ಲದೆ ನಿನಗಾಗ್ತಿಲ್ಲ ಅಂತ. ಮುನಿಸ್ಕೊಂಡು ಹೋದೋಳ ಹತ್ರ ಜಂಭ ಕೊಚ್ಚಿದ್ದೀಯ."

"ಮತ್ತೆ ಹೇಗನ್ಬೇಕು?"

"'ತು ಮ ಮಾಂಕ್.' ನೀನು ನನಗೆ ಕೊರತೆಯಾಗಿದ್ದೀಯ."

ಎಡ್ಮಂಡ್‌ಗೆ ಮೈಯೆಲ್ಲ ಉರೀತು. ಊಟ ಬಿಟ್ಟೋನು ತಾನು, ನಿದ್ದೆಗೆಟ್ಟೋನು ತಾನು.

"ಅನ್ಯಾಯ. ನಮ್ಮ ಭಾಷೇಲಿ 'ನಾನು' ಮೊದಲು. ನರಳೋನು ನಾನು, ವಾಕ್ಯಕ್ಕೆ ಯಜಮಾನಿ ಅವಳಾ?"

ಗುರುಗಳು ಬಗ್ಗಿ ಅವನ ಒಂದು ಚಪ್ಪಲಿ ಕಿತ್ಕೊಂಡು ಹೊಳೆಗೆಸೆದ್ರು. ಅದು ನಂಜನಗೂಡು ದಾಟಿ ಸಮುದ್ರ ಸೇರ್ತು.

"ನಡಿ."

ಮುಳ್ಳಿನ ದಾರಿ. ಎಡ್ಮಂಡ್ ಬೈಕೊಳ್ತಾ ಕುಂಟ್ಕೊಂಡು ನಡೆದ.

"ಈಗ ನಿನ್ನನ್ನ ನಡೆಸ್ತಿರೋದು ಯಾವುದಪ್ಪ? ಕಾಲಲ್ಲಿರೋ ಚಪ್ಪಲಿಯೋ, ಹೋದದ್ದೋ?"

"ಹೋದದ್ದು." ಮುಖ ಗಂಟುಹಾಕ್ಕೊಂಡೇ ಅಂದ.

"ಹಂಗೇ ಕಣೋ. ಇಲ್ಲದಿರೋದು ಮುಂದೆ. ಕುಂಟೋನು ಹಿಂದೆ."

ಎಡ್ಮಂಡ್ ಸಿಟ್ಟಲ್ಲೇ ಫೋನ್ ಒತ್ತಿದ. ನಡೀತಾನೇ "ತು ಮ ಮಾಂಕ್" ಅಂದ.

ಅವಳು ಕಟ್ ಮಾಡ್ಲಿಲ್ಲ. ಫೋನಲ್ಲಿ ಅವನ ಹೆಜ್ಜೆ ಸದ್ದು ಆಲಿಸಿ ಕೇಳಿದ್ಲು: "ಯಾಕೆ ಕುಂಟ್ತಿದ್ದೀಯ?"

ಇಲ್ಲಿಗೆ ಚಿಕ್ಕತಾಯಿ ಅವರೆಕಾಯಿ ಕೆಳಗಿಟ್ಟಳು.

"ಮಾವ, ಗುರುಗಳಿಗೆ ಮೌನವ್ರತ ಅಂದ್ರಲ್ಲ. ಇಷ್ಟೊತ್ತೂ ಮಾತಾಡಿದ್ದು ಯಾರು?"

ಮುದುಕಪ್ಪ ಒಂದು ಅವರೆಕಾಳು ಬಾಯಿಗೆ ಹಾಕ್ಕೊಂಡ.

"ಎಡ್ಮಂಡೂ ಅದನ್ನೇ ಕೇಳ್ದ ಕಣಮ್ಮ. ಅದಕ್ಕೆ ಗುರುಗಳು ಅಂದ್ರು, 'ವ್ರತ ಹಿಡಿದೋನು ನಾನಪ್ಪ. ನಾನಿಲ್ಲದೆ ಮಾತಿಗೆ ಆಗ್ಲಿಲ್ಲ, ಅದೇ ಹುಡ್ಕೊಂಡು ಬಂತು.'"