ಜೋಲು ಬಿಟ್ಟ ವೈರು

"ಬುದ್ಧಿ, ಯಾರ ಮೇಲೆ ಪ್ರಾಣ ಇಟ್ಕೊಂಡಿರ್ತೀವೋ ಅವರೇ ಯಾಕೆ ಮಾತು ಬಿಡ್ತಾರೆ?"

ಪಂಚಾಕ್ಷರಿ ಹೀಗೆ ಕೇಳಿದಾಗ ಮಠದ ಜಗಲಿಯಲ್ಲಿ ಗುರುಗಳೂ ಅವನೂ ಇಬ್ಬರೇ ಇದ್ದರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ತಂಗಿ ವಿಶಾಲಾಕ್ಷಿಯನ್ನು ಸಾಕಿ, ಓದಿಸಿ, ನೆಲೆಗೆ ಹಚ್ಚಿದವನು ಅವನು. ಈಗ ಅವಳು ಬೇರೊಂದು ಊರಿನ ಆಸ್ಪತ್ರೆಯಲ್ಲಿ ನರ್ಸು. ಹೋದ ವರ್ಷದಿಂದ ಅವಳ ಫೋನಿರಲಿಲ್ಲ. ಇವನು ಮಾಡಿದರೆ ಎತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಕೂತರೂ ಅವಳದೇ ನೆನಪು, ತಟ್ಟೆಯ ಮುಂದೆ ಕೂತರೂ ಅವಳದೇ ನೆನಪು. ನಿನ್ನೆ ಇದ್ದಕ್ಕಿದ್ದಂತೆ ಫೋನು ಬಂದಿತ್ತು. ಚೆನ್ನಾಗಿದ್ದೀನಿ ಅಣ್ಣ, ಹಬ್ಬಕ್ಕೆ ಬರ್ತೀನಿ ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು. ಇವನು ಬೆಳಗಾಗುತ್ತಲೇ ಅಂಗಡಿ ಬಾಗಿಲು ಹಾಕಿ, ಬಟ್ಟೆ ಚೀಲ ಹಿಡಿದು ಹೊರಟು, ದಾರಿಯಲ್ಲಿ ಮಠಕ್ಕೆ ಬಂದಿದ್ದ.

"ಹಬ್ಬದ ತನಕ ಯಾಕೆ ಕಾಯಲಿ? ಈಗಲೇ ಹೊರಟರೆ ಸಂಜೆಗೆ ಅವಳ ಊರು ಸೇರ್ತೀನಿ, ಅಲ್ಲೇ ಒಂದು ಮನೆ ಮಾಡ್ತೀನಿ. ಇನ್ಮೇಲೆ ಅವಳನ್ನ ಕಣ್ಣ ಮರೆ ಆಗೋಕೆ ಬಿಡಲ್ಲ. ಮೊದಲೂ ಬಿಟ್ಟವನಲ್ಲ ಬುದ್ಧಿ. ಉಂಡ್ಯಾ, ರೂಮಿಗೆ ಬಂದ್ಯಾ ಅಂತ ಹೊತ್ತು ಹೊತ್ತಿಗೆ ಕೇಳ್ತಿದ್ದೆ. ಅವಳು ಫೋನ್ ಎತ್ತದಿದ್ರೆ ಜೊತೆಯವರನ್ನ ಕೇಳ್ತಿದ್ದೆ, ಹಾಸ್ಟೆಲ್ ವಾರ್ಡನ್‌ನ ಕೇಳ್ತಿದ್ದೆ. ಅಂಥವನಿಗೆ ಹಿಂಗೆ ಮಾಡಿದಳಲ್ಲ!"

ಗುರುಗಳು ಅವನ ಚೀಲವನ್ನೊಮ್ಮೆ ನೋಡಿದರು. ಕೂರುವಂತೆ ಸನ್ನೆ ಮಾಡಿ ಕತೆ ಶುರುಮಾಡಿದರು.

ಒಬ್ಬ ಡ್ರೈವರ್ ಇದ್ದ. ಬಹಳ ಕಾಲ ಕಂಡವರ ಗಾಡಿ ಓಡಿಸಿ, ಕಂಡವರ ಬೈಗುಳ ತಿಂದು, ಕೊನೆಗೂ ಸ್ವಂತದ್ದೊಂದು ಬಾಡಿಗೆ ಕಾರು ಮಾಡಿಕೊಂಡ. ತಾನಾಗಿಯೇ ಗೇರು ಬದಲಿಸಿಕೊಳ್ಳುವ ಕಾರು. ಘಟ್ಟ ಹತ್ತುವಾಗ ಅದು ಸದ್ದಿಲ್ಲದೆ ಒಂದು ಗೇರಿನಿಂದ ಇನ್ನೊಂದಕ್ಕೆ ಜಾರುವುದನ್ನು ಅನುಭವಿಸುವುದೆಂದರೆ ಅವನಿಗೆ ಎಲ್ಲಿಲ್ಲದ ಸುಖ. ತಾನು ಮೀಯದಿದ್ದರೂ ಕಾರನ್ನು ಮೀಯಿಸುತ್ತಿದ್ದ. ಹೆಂಡತಿ ಅದಕ್ಕೆ ಸವತಿ ಎಂದೇ ಹೆಸರಿಟ್ಟಿದ್ದಳು.

ಒಂದು ದಿನ ಘಟ್ಟದ ಬುಡದಲ್ಲಿ ಕಾರು ಒಮ್ಮೆ ಜೋರಾಗಿ ಜಗ್ಗಿತು. ಸ್ಟೇರಿಂಗಿನ ಮುಂದೆ ಕೆಂಪು ದೀಪ ಹೊತ್ತಿಕೊಂಡಿತು. ಅಲ್ಲಿಂದ ಮುಂದೆ ಕಾರು ಒಂದೇ ಗೇರಿಗೆ ಕಚ್ಚಿಕೊಂಡಿತು. ಎಷ್ಟು ತುಳಿದರೂ ಅದರ ಕೂಗು ಏರಿತೇ ಹೊರತು ಓಟ ಏರಲಿಲ್ಲ. ಸೌತೆಕಾಯಿ ಹೇರಿಕೊಂಡ ಲಗೇಜ್ ಆಟೋದವನೂ ಹಾರ್ನ್ ಹೊಡೆದು ಹಿಂದಿಕ್ಕಿ ಹೋದ. ಡ್ರೈವರ್ ತಲೆ ತಗ್ಗಿಸಿಕೊಂಡು ಊರಿಗೆ ಬಂದ.

ಬಾಡಿಗೆ ತಪ್ಪಿದ ಚಿಂತೆ ಇತ್ತು, ಇಲ್ಲವೆನ್ನಲಾಗದು. ಆದರೆ ಅವನ ಕರುಳು ಹಿಂಡಿದ್ದು ಬೇರೆ. ನಿಂತ ಕಾರಿನಲ್ಲಿ ಸುಮ್ಮನೆ ಹೋಗಿ ಕೂರುತ್ತಿದ್ದ. ಸ್ಟೇರಿಂಗ್ ಮೇಲೆ ಕೈಯಿಟ್ಟು ಘಟ್ಟದ ತಿರುವುಗಳನ್ನು ನೆನೆಯುತ್ತಿದ್ದ. ಹಳೆಯ ಆ ಓಟ ಇನ್ನೊಂದೇ ಒಂದು ಸಲ ಸಿಕ್ಕರೆ ಸಾಕು ಅನ್ನಿಸುತ್ತಿತ್ತು. ಬೇರೆ ಕಾರುಗಳು ಬೀದಿಯಲ್ಲಿ ಹಾದುಹೋದರೆ ಮುಖ ತಿರುಗಿಸುತ್ತಿದ್ದ.

ಕೊನೆಗೆ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದ. ಮೆಕ್ಯಾನಿಕ್ ನೋಡಿ ಹೇಳಿದ, ಗೇರ್‌ಬಾಕ್ಸ್ ಗಟ್ಟಿಮುಟ್ಟಾಗಿದೆ. ಅದರ ಮೈಗೆ ಒಂದು ಸೆನ್ಸರ್ ಇದೆ. ಒಳಗೆ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬ ಸುದ್ದಿಯನ್ನು ಅದು ವೈರಿನ ಮೂಲಕ ಗಾಡಿಯ ಕಂಪ್ಯೂಟರಿಗೆ ಕಳಿಸುತ್ತಿರಬೇಕು. ಆ ಸುದ್ದಿ ಬರುತ್ತಿಲ್ಲ. ಸುದ್ದಿ ನಿಂತರೆ ಗಾಡಿಗೆ ಭಯ, ಯಾವ ಗೇರಿಗೆ ಹೋಗುವುದೂ ಬೇಡವೆಂದು ಇದ್ದಲ್ಲೇ ಇದ್ದುಬಿಡುತ್ತದೆ.

ಡ್ರೈವರನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಜೋಪಾನ ಮಾಡಿದ್ದೇನೆ, ಬಾಯಿ ಬಿಡಲು ಅದಕ್ಕೇನು ರೋಗ ಎಂದು ಬೈದು, ಆ ಸೆನ್ಸರನ್ನು ಕಿತ್ತೆಸೆದು ಹೊಸದು ಹಾಕಿಸಿದ. ಹೊಸದೂ ಬಾಯಿ ಬಿಡಲಿಲ್ಲ.

ಆಗ ಮೆಕ್ಯಾನಿಕ್ ವೈರಿಗೆ ಮೀಟರ್ ಹಿಡಿದ. ಇಂಜಿನ್ ನಿಂತಿದ್ದಾಗ ವೈರು ಸರಿಯಾಗೇ ಇತ್ತು. ಇಂಜಿನ್ ಚಾಲೂ ಮಾಡಿ ಆಕ್ಸಿಲೇಟರ್ ತುಳಿಸಿದರೆ ಮೀಟರಿನ ಮುಳ್ಳು ಬಿದ್ದುಹೋಗುತ್ತಿತ್ತು. ಅವನು ಬೆರಳಿನಿಂದ ವೈರನ್ನು ಉದ್ದಕ್ಕೂ ಸವರುತ್ತ ಹೋದ. ಒಂದು ಕಡೆ ಅದನ್ನು ಕಾರಿನ ಮೈಯ ತಗಡಿಗೆ ಸೇರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಿತ್ತು. ಮೇಲಿನ ಹೊದಿಕೆಗೆ ಒಂದು ಗೀರೂ ಬಿದ್ದಿರಲಿಲ್ಲ. ಅದುಮಿ ನೋಡಿದರೆ ಆ ಜಾಗ ಮೆತ್ತಗಿತ್ತು. ಒಳಗೆ ತಾಮ್ರ ತುಂಡಾಗಿತ್ತು.

"ಇದನ್ನ ಕಟ್ಟಿದ್ದು ಯಾರು?"

"ನಾನೇ. ಕಂಪನಿಯವರು ಜೋಲು ಬಿಟ್ಟಿದ್ರು. ಎಲ್ಲಾದರೂ ಉಜ್ಜಿ ಹರಿದುಹೋದೀತು ಅಂತ ಎಲ್ಲೂ ಅಲ್ಲಾಡದ ಹಾಗೆ ಕಟ್ಟಿದೆ."

"ಅವರು ಬೇಕು ಅಂತಲೇ ಬಿಟ್ಟಿದ್ದು ಕಣಣ್ಣ. ಓಡೋವಾಗ ಇಂಜಿನ್ ಆ ಕಡೆ ಈ ಕಡೆ ವಾಲುತ್ತೆ. ಅದು ವಾಲಿದಾಗೆಲ್ಲ ನೀನು ಕಟ್ಟಿದ ವೈರು ಎಳೆದಿದೆ. ಪಾಪ, ಎಷ್ಟೂಂತ ತಡೆಯುತ್ತೆ?"

ಡ್ರೈವರನಿಗೆ ಕೆನ್ನೆಗೆ ಹೊಡೆದಂತಾಯಿತು. ತಾನು ಕಿತ್ತೆಸೆದ ಸೆನ್ಸರ್ ಇಷ್ಟು ದಿನವೂ ಸುದ್ದಿ ಕಳಿಸುತ್ತಲೇ ಇತ್ತು. ಅದು ಬಂದು ಮುಟ್ಟದಂತೆ ಮಾಡಿದ್ದು ತನ್ನ ಕೈ.

ಮೆಕ್ಯಾನಿಕ್ ಹೊಸ ವೈರು ಸೇರಿಸಿದ. ಸಾಕಷ್ಟು ಜೋಲು ಬಿಟ್ಟ. ಡ್ರೈವರ್ ಕಾರನ್ನು ನೇರವಾಗಿ ಘಟ್ಟಕ್ಕೆ ಹೊಡೆದ. ಮೊದಲ ತಿರುವಿನಲ್ಲೇ ಗೇರು ಹಿಂದಿನಂತೆ ಜಾರಿತು. ಅವನ ಕಣ್ಣು ತುಂಬಿ ರಸ್ತೆ ಮಂಜಾಯಿತು. ಹೆಂಡತಿ ಎದುರಿಗಿದ್ದಿದ್ದರೆ ಖಂಡಿತ ನಗುತ್ತಿದ್ದಳು.

ಇನ್ನೂ ಅರ್ಧ ಘಟ್ಟ ಹತ್ತಿರಲಿಲ್ಲ, ಬಾನೆಟ್ಟಿನ ಒಳಗೆ ಏನೋ ಟಕ್ ಎಂದಂತಾಯಿತು. ವೈರು ಎಲ್ಲಿಗೋ ತಗುಲುತ್ತಿದೆಯೇನೋ ಎಂದುಕೊಂಡ. ಕಿವಿ ಅಲ್ಲೇ ನೆಟ್ಟಿತು. ಗೇರು ಬದಲಾದದ್ದು ಈಗ ಅವನಿಗೆ ತಿಳಿಯಲೇ ಇಲ್ಲ. ಮತ್ತೆ ತುಂಡಾದರೆ? ಮತ್ತೆ ಆ ಕೆಂಪು ದೀಪ, ಮತ್ತೆ ಆ ತೆವಳಾಟ, ನಿಂತ ಕಾರಿನಲ್ಲಿ ಒಬ್ಬನೇ ಕೂರುವ ಆ ದಿನಗಳು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದ. ವೈರು ಹಗುರಾಗಿ ತೂಗುತ್ತಿತ್ತು. ಅದಕ್ಕೇನೂ ಆಗಿರಲಿಲ್ಲ. ಡ್ರೈವರನ ಜೇಬಿನಲ್ಲಿ ಇನ್ನೂ ಒಂದು ಪಟ್ಟಿ ಉಳಿದಿತ್ತು. ಮೆಕ್ಯಾನಿಕ್ ಹೇಳಿದ್ದು ತಲೆಗೆ ಹೋಗಿತ್ತು, ಆದರೆ ಕೈ ಕೇಳಬೇಕಲ್ಲ. ಪಟ್ಟಿ ತೆಗೆದು ವೈರಿನ ಸುತ್ತ ಹಾಕಿದ. ತುದಿಯನ್ನು ತೂರಿಸಿದ. ಎಳೆಯುವುದೊಂದು ಬಾಕಿ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪಂಚಾಕ್ಷರಿ ಮುಂದಕ್ಕೆ ಬಾಗಿ ಕೇಳಿದ.

"ಆಮೇಲೆ? ಎಳೆದು ಕಟ್ಟಿಬಿಟ್ನಾ ಬುದ್ಧಿ?"

"ಅದು ಇವತ್ತು ಸಂಜೆ ನಿನ್ನ ತಂಗಿಗೆ ಗೊತ್ತಾಗುತ್ತೆ."