ಹಗ್ಗದ ಆಯುಷ್ಯ

ಒಂದು ಬಸ್ ಕಂಪನಿಯವರು ತಮ್ಮ ಸವೆದ ಬಸ್ಸುಗಳಿಗೆ ಕಾಗದದ ಮೇಲೆ ನಾಲ್ಕು ವರ್ಷ ಆಯುಷ್ಯ ಹೆಚ್ಚಿಸಿಕೊಂಡರು. ಎಂಟು ವರ್ಷಕ್ಕೆ ಮುಗಿಯುತ್ತದೆ ಎಂದು ಬರೆದಿದ್ದ ಬಸ್ಸು ಹನ್ನೆರಡು ವರ್ಷ ಓಡುತ್ತದೆ ಎಂದಾಯಿತು. ಒಂದು ಬೋಲ್ಟು ಬದಲಾಗಲಿಲ್ಲ, ಒಂದು ಟೈರು ಬದಲಾಗಲಿಲ್ಲ. ವರ್ಷಕ್ಕಿಷ್ಟು ಸವಕಳಿ ಎಂದು ತೋರಿಸುವ ಖರ್ಚು ಇಳಿದು, ನಷ್ಟ ಮಾತ್ರ ಲಾಭವಾಯಿತು. ಇದಕ್ಕೆ ಅವರಿಟ್ಟ ಹೆಸರು ‘ಅಂದಾಜಿನ ಪರಿಷ್ಕರಣೆ’. ಅದನ್ನು ಲೆಕ್ಕ ಹಾಕಿ ಬರೆದುಕೊಟ್ಟವಳು ಹೇಮಾಕ್ಷಿ. ಎಂ.ಬಿ.ಎ. ಎರಡನೇ ವರ್ಷದಲ್ಲಿ ಓದುತ್ತಿದ್ದಳು. ಎರಡು ತಿಂಗಳ ತರಬೇತಿಗೆಂದು ಆ ಕಂಪನಿಗೆ ಹೋಗಿದ್ದಳು.

ಅಕೌಂಟಿಂಗ್ ಕಲಿಸುವ ಗುರುಬಸಪ್ಪ ಮೇಷ್ಟ್ರು ಅವಳ ವರದಿಗೆ ಸಹಿ ಹಾಕಲಿಲ್ಲ. ಸಹಿ ಇಲ್ಲದೆ ಮೌಖಿಕ ಪರೀಕ್ಷೆ ಇಲ್ಲ. ಪರೀಕ್ಷೆ ಆಗದೆ ಕಂಪನಿಯವರು ಕೊಡುತ್ತೇವೆಂದ ಕೆಲಸ ಇಲ್ಲ. ಮೂರು ದಿನ ಹೆದರಿ ಸುಮ್ಮನಿದ್ದ ಹೇಮಾಕ್ಷಿ ನಾಲ್ಕನೆಯ ದಿನ ಮಧ್ಯಾಹ್ನ ಅವರ ಕೋಣೆಗೆ ಹೋದಳು.

“ಸಾರ್, ಎರಡೂ ಕಡೆ ಒಂದು ಪೈಸೆ ವ್ಯತ್ಯಾಸ ಇಲ್ಲದೆ ತಾಳೆಯಾಗಿದೆ. ಆಯುಷ್ಯ ಬದಲಿಸೋಕೆ ನಿಯಮದಲ್ಲೂ ಅವಕಾಶ ಇದೆ. ಹಾಗಿರುವಾಗ ನಾನು ಮಾಡಿದ ತಪ್ಪೇನು?”

“ಕೂತ್ಕೊಳಮ್ಮ” ಎಂದರು ಮೇಷ್ಟ್ರು. ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಅವರು ಕನ್ನಡಕ ತೆಗೆದಿಟ್ಟು ಈ ಕತೆ ಹೇಳಿದರು.

ಬಾವಿ ತೋಡಿಸುವ ಒಬ್ಬ ಗುತ್ತಿಗೆದಾರನಿದ್ದ. ಅವನ ಬಳಿ ಒಬ್ಬ ಗುಮಾಸ್ತನಿದ್ದ. ಮಣ್ಣೂ ಮನುಷ್ಯರೂ ಒಂದೇ ಹಗ್ಗದಲ್ಲಿ ಬಾವಿಯಿಂದ ಮೇಲೆ ಬರಬೇಕಿತ್ತು. ಕತ್ತಾಳೆ ನಾರಿನ ಮೂರೆಳೆಯ ಹಗ್ಗ. ಬೆಲೆ ತೊಂಬತ್ತು ರೂಪಾಯಿ. ಮೂರು ವರ್ಷಕ್ಕೆ ಅದು ಸವೆಯುತ್ತದೆ ಎಂದು ಗುಮಾಸ್ತ ಪುಸ್ತಕದಲ್ಲಿ ಬರೆದಿದ್ದ. ವರ್ಷಕ್ಕೆ ಮೂವತ್ತು ರೂಪಾಯಿ ಒಂದು ಡಬ್ಬಿಗೆ ಹಾಕಿ ಬೀಗ ಜಡಿದ ಮೇಲೆಯೇ ಲಾಭ ಎಣಿಸುತ್ತಿದ್ದರು. ಮೂರು ವರ್ಷ ತುಂಬಿದಾಗ ಡಬ್ಬಿ ತೆರೆದು ಹೊಸ ಹಗ್ಗ ತರುತ್ತಿದ್ದರು. ಹಳೆಯ ಹಗ್ಗ ಎಷ್ಟೇ ಗಟ್ಟಿ ಕಾಣಲಿ, ಅದನ್ನು ತುಂಡು ಮಾಡಿ ದನ ಕಟ್ಟಲು ಕೊಡುತ್ತಿದ್ದರು. ಹನ್ನೆರಡು ವರ್ಷ ಹೀಗೆ ನಡೆಯಿತು. ಯಾರೂ ಬೀಳಲಿಲ್ಲ.

ಒಂದು ವರ್ಷ ತೋಡಿದಲ್ಲೆಲ್ಲ ಬಂಡೆ ಸಿಕ್ಕಿತು. ಸಿಡಿಮದ್ದಿಗೇ ದುಡ್ಡೆಲ್ಲ ಹೋಯಿತು. ಅದೇ ವರ್ಷ ಒಬ್ಬ ವರ್ತಕ ಪಾಲುದಾರನಾಗಲು ಬರುವವನಿದ್ದ. ಲಾಭ ಕಂಡರೆ ಮಾತ್ರ ಹಣ ಹಾಕುತ್ತೇನೆ ಎಂದಿದ್ದ. ಡಬ್ಬಿಯಲ್ಲಿ ತೊಂಬತ್ತು ರೂಪಾಯಿ ತುಂಬಿತ್ತು. ಹೊಸ ಹಗ್ಗ ತರುವ ಕಾಲ. ಗುತ್ತಿಗೆದಾರ ಗುಮಾಸ್ತನನ್ನು ಕರೆದ.

“ಹಗ್ಗ ಆರು ವರ್ಷ ಬಾಳುತ್ತೆ ಅಂತ ಬರೆ.”

“ದಣೀ, ಹಗ್ಗ ನೋಡದೆ ಹೆಂಗೆ ಬರೀಲಿ?”

“ನೀನು ಹಗ್ಗ ಹೊಸೆಯೋನೋ, ಲೆಕ್ಕ ಬರೆಯೋನೋ?”

ಗುಮಾಸ್ತ ಬರೆದ. ಆರು ವರ್ಷ ಬಾಳುವ ಹಗ್ಗಕ್ಕೆ ಮೂರು ವರ್ಷದಲ್ಲಿ ನಲವತ್ತೈದು ರೂಪಾಯಿ ಎತ್ತಿಟ್ಟರೆ ಸಾಕು. ಮಿಕ್ಕ ನಲವತ್ತೈದನ್ನು ಡಬ್ಬಿಯಿಂದ ತೆಗೆದು ಲಾಭಕ್ಕೆ ಸೇರಿಸಿದ. ಕೂಡಿ ನೋಡಿದರೆ ತಾಳೆಯಾಗಿತ್ತು. ವರ್ತಕ ಬಂದ, ಪುಸ್ತಕ ನೋಡಿದ, ಮೆಚ್ಚಿಕೊಂಡ, ಹಣ ಹಾಕಿದ. ಗುಮಾಸ್ತನ ಸಂಬಳ ಐದು ರೂಪಾಯಿ ಏರಿತು. ಹಗ್ಗ ಮಾತ್ರ ಹಳೆಯದೇ ಉಳಿಯಿತು.

ಬಾವಿ ಅಗೆಯುವವನೊಬ್ಬನಿದ್ದ. ಆಳಕ್ಕೆ ಮೊದಲು ಇಳಿಯುವವನೂ ಕೊನೆಗೆ ಏರುವವನೂ ಅವನೇ. ಅವನು ರಾಟೆಯ ಬಳಿ ನಿಂತು ಕೇಳಿದ: “ಏನು ಲೆಕ್ಕದಯ್ನೋರೆ, ಈ ಸಲ ಹೊಸ ಹಗ್ಗ ಬರಲೇ ಇಲ್ಲ?”

“ಪುಸ್ತಕದಲ್ಲಿ ಇದಕ್ಕೆ ಇನ್ನೂ ಮೂರು ವರ್ಷ ಇದೆ.”

“ಹಂಗಾದ್ರೆ ಪುಸ್ತಕಾನೇ ಇಳಿಬಿಡಿ. ಅದನ್ನೇ ಹಿಡ್ಕೊಂಡು ಹತ್ತಿ ಬರ್ತೀನಿ.”

ಸುತ್ತ ನಿಂತವರು ನಕ್ಕರು. ಗುಮಾಸ್ತನೂ ನಕ್ಕ.

ತೋಡಿದಷ್ಟು ಅಡಿಗೆ ಹಣ ಎಂಬುದು ಕರಾರು. ಹಾಗಾಗಿ ತಿಂಗಳ ಕೊನೆಗೆ ಗುಮಾಸ್ತನೇ ಇಳಿದು ಆಳ ಅಳೆಯಬೇಕಿತ್ತು. ಆ ತಿಂಗಳೂ ಅವನು ಹಗ್ಗದ ತುದಿಗೆ ಕಟ್ಟಿದ ಹಲಗೆಯ ಮೇಲೆ ಕೂತ. ಮೇಲೆ ನಾಲ್ವರು ಹಗ್ಗ ಬಿಡತೊಡಗಿದರು. ಮೂವತ್ತು ಅಡಿ ಇಳಿದಿದ್ದ. ಕಣ್ಣ ಮುಂದೆ, ಒಂದು ಗೇಣು ದೂರದಲ್ಲಿ, ಹಗ್ಗದ ಒಂದು ಎಳೆ ಇರಲಿಲ್ಲ. ಅದು ಎಂದೋ ಹರಿದುಹೋಗಿತ್ತು. ಇನ್ನೊಂದು ಎಳೆಯ ನಾರು ಅವನು ನೋಡುತ್ತಿದ್ದಂತೆ ಒಂದೊಂದಾಗಿ ಎದ್ದು ನಿಲ್ಲುತ್ತಿತ್ತು.

ಕೂಗಬೇಕೆನಿಸಿತು. ಕೂಗಿದರೆ ಮೇಲಿನವರು ಗಾಬರಿಯಾಗಿ ಜಗ್ಗುತ್ತಾರೆ. ಉಸಿರು ಜೋರಾಗಿ ಬಿಟ್ಟರೂ ಭಾರ ಹೆಚ್ಚುತ್ತದೇನೋ ಎಂದು ಉಸಿರು ಹಿಡಿದ. ಕೆಳಗೆ ಮೂವತ್ತು ಅಡಿ ಕತ್ತಲೆ, ಅದರಡಿಗೆ ಒಡೆದ ಬಂಡೆ. ಆರು ವರ್ಷ ಎಂದು ತಾನು ಬರೆದ ಅಂಕಿ ನೆನಪಾಯಿತು. ಆ ಅಂಕಿಯ ಮೇಲೆ ಈಗ ತಾನೇ ಕೂತಿದ್ದ.

ಕಾಲಿಗೆ ನೀರು ತಾಗಿತು. ಅಗೆಯುವವನು ಹಲಗೆ ಹಿಡಿದು ನಿಲ್ಲಿಸಿದ.

“ಕೈ ನಡುಗ್ತಾ ಇದೆಯಲ್ಲ ಅಯ್ನೋರೆ. ಚಳಿನಾ?”

“ಹೌದು, ಚಳಿ.”

“ಮತ್ತೆ, ನಿಮಗೆ ಬೆಚ್ಚಗೆ ಕೂತು ಬರೆದು ರೂಢಿ. ಬೇಗ ಅಳೆದು ಹತ್ತಿಬಿಡಿ.”

ಗುಮಾಸ್ತ ಅಳೆದ. ಅರುವತ್ತು ಅಡಿ. ಮತ್ತೆ ಅದೇ ಹಲಗೆಯ ಮೇಲೆ ಕೂತು, ಕಣ್ಣು ಮುಚ್ಚಿ, ಮೇಲೆ ಬಂದ. ಪಾದ ನೆಲಕ್ಕೆ ತಾಗಿತು. ಬದುಕಿದ್ದ.

ಅಲ್ಲಿಯವರೆಗೆ ಅವನಿಗಿದ್ದದ್ದು ಒಂದು ಹೆದರಿಕೆ. ನೆಲ ಸಿಕ್ಕ ಕೂಡಲೇ ಇನ್ನೊಂದು ಹುಟ್ಟಿತು. ಹಗ್ಗ ಹರಿದಿದೆ ಎಂದರೆ ಹೊಸದು ತರಬೇಕು. ತರಲು ಹೋದರೆ ಡಬ್ಬಿಯಲ್ಲಿ ಅರ್ಧವೇ ಇದೆ. ಉಳಿದ ಅರ್ಧ ಎಲ್ಲಿ ಎಂದು ವರ್ತಕ ಕೇಳುತ್ತಾನೆ. ಬರೆದ ಕೈ ಯಾರದೆಂದು ಗುತ್ತಿಗೆದಾರ ತೋರಿಸುತ್ತಾನೆ. ನಾಳೆ ಬೆಳಿಗ್ಗೆ ಹೇಳಿದರಾಯಿತು, ಇವತ್ತು ಇನ್ನು ಒಬ್ಬನೇ ತಾನೇ ಏರುವವನು ಎಂದುಕೊಂಡ. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಹಿಂದೆ ರಾಟೆ ಕಿರುಗುಟ್ಟುವುದು ಕೇಳುತ್ತಿತ್ತು. ಗುಮಾಸ್ತ ತಿರುಗಿ ನೋಡದೆ ಹೆಜ್ಜೆ ಎಣಿಸಿಕೊಂಡು ನಡೆದ. ಹದಿನೈದನೆಯ ಹೆಜ್ಜೆಗೆ ರಾಟೆಯ ಸದ್ದು ನಿಂತಿತು. ಆಮೇಲೆ ಆ ನಾಲ್ವರು ಕಿರುಚಿದರು.

ಎರಡು ದಿನದ ಮೇಲೆ ಗುತ್ತಿಗೆದಾರ ಪುಸ್ತಕ ತರಿಸಿದ. ಹಗ್ಗದ ಬಾಬ್ತು ಉಳಿದ ಬೆಲೆಯನ್ನು ನಷ್ಟಕ್ಕೆ ಬರೆದುಬಿಡು ಎಂದ. ಗುಮಾಸ್ತ ನಲವತ್ತೈದು ರೂಪಾಯಿ ಎಂದು ಬರೆದ. ಕೂಡಿ ನೋಡಿದ. ಎರಡೂ ಕಡೆ ತಾಳೆಯಾಯಿತು. ಸತ್ತವನ ಹೆಸರು ಯಾವ ಕಡೆಗೂ ಬರಲಿಲ್ಲ.

ಮೇಷ್ಟ್ರು ಕತೆ ಅಲ್ಲಿಗೇ ನಿಲ್ಲಿಸಿದರು.

ಹೇಮಾಕ್ಷಿ ಮೇಜಿನ ಮೇಲಿದ್ದ ತನ್ನ ವರದಿಯ ಮೇಲೆ ಕೈಯಿಟ್ಟಳು. ನಾನು ಯಾವ ಹರಿದ ಹಗ್ಗವನ್ನೂ ನೋಡಿಲ್ಲ ಸಾರ್ ಎನ್ನಬೇಕೆಂದಿದ್ದಳು. ಆದರೆ ನೋಡಿದ್ದಳು. ರಿಪೇರಿ ಖರ್ಚು ಕೂಡಿಸಲು ಗ್ಯಾರೇಜಿನ ರಿಜಿಸ್ಟರು ತಿರುವಿದ್ದಳು. ಏಳನೇ ನಂಬರಿನ ಬಸ್ಸಿನ ಎದುರು ಡ್ರೈವರ್ ಬರೆದಿದ್ದ: ‘ಬ್ರೇಕ್ ಡ್ರಮ್ ಸವೆದಿದೆ, ಬದಲಿಸಿ.’ ಹಾಗೆ ಮೂರು ಸಲ ಬರೆದಿದ್ದ. ಮೂರನೆಯ ಸಲ ಕೆಳಗೆ ಎರಡು ಗೆರೆ ಎಳೆದಿದ್ದ. ಡ್ರಮ್ ಬದಲಿಸಿರಲಿಲ್ಲ, ಹಾಗಾಗಿ ಆ ಸಾಲಿನಲ್ಲಿ ಖರ್ಚಿನ ಅಂಕಿ ಇರಲಿಲ್ಲ. ಆದ್ದರಿಂದ ಅವಳು ಪುಟ ತಿರುವಿ ಮುಂದೆ ಹೋಗಿದ್ದಳು. ಅದೇ ಡ್ರೈವರ್ ಅಂದು ಬಾಗಿಲಲ್ಲಿ ನಿಂತು, “ಮೇಡಮ್ಮೋರೆ, ನಮ್ಮ ಮುದುಕಿ ಬಗ್ಗೆನೂ ನಾಲ್ಕು ಒಳ್ಳೆ ಮಾತು ಬರೀರಿ” ಎಂದು ಬಸ್ಸಿನ ಕಡೆ ಕೈ ತೋರಿಸಿ ನಕ್ಕಿದ್ದ. ಅವಳೂ ನಕ್ಕಿದ್ದಳು.

ಅದನ್ನೆಲ್ಲ ತಡೆತಡೆದು ಹೇಳಿದಳು.

“ಆ ಬಸ್ಸು ಎಲ್ಲಿಗೆ ಹೋಗುತ್ತೆ?” ಮೇಷ್ಟ್ರು ಕೇಳಿದರು.

“ಘಾಟಿ ಇಳಿದು ಕರಾವಳಿಗೆ ಸಾರ್. ದಿನಾ ನಾಲ್ಕೂವರೆಗೆ ನಮ್ಮೂರಿನ ಸ್ಟ್ಯಾಂಡಿಂದ ಹೊರಡುತ್ತೆ.”

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಹೇಮಾಕ್ಷಿ ಗಡಿಯಾರ ನೋಡಿದಳು. ಸಹಿ ಇಲ್ಲದ ವರದಿ ನೋಡಿದಳು. ಕೈ ವರದಿಯ ಮೇಲೆಯೇ ಇತ್ತು.

“ಇನ್ನೂ ಇಲ್ಲೇ ಯಾಕೆ ಕೂತಿದ್ದೀಯಮ್ಮ, ಎದ್ದು ಹೋಗಿ ಡ್ರೈವರಿಗೆ ಹೇಳು, ಡ್ರಮ್ ಬದಲಿಸಿಲ್ಲ, ಇವತ್ತು ಘಾಟಿ ಇಳಿಸಬೇಡ ಅಂತ.”